ಗುಂಡಿ ಡಬ್ಬಿಯಿಂದ ತಪ್ಪಿಸಿಕೊಂಡ ಮೂರನೆಯ ತಿಗಣೆಯವರಿಗೆ

ಇವರಿಗೆ,
ಮಾನ್ಯ ಮೂರನೆಯ ತಿಗಣೆಯವರು,
ಹಿಂದಿನ ವಿಳಾಸ: ವಿಹಾರ ನೌಕೆಯ ಏಳನೆಯ ಅಂತಸ್ತು, ಕಿಟಕಿಯಿಲ್ಲದ ಸಾಲಿನ ಕೊನೆಯ ಕೋಣೆ, ಎಡಗಡೆಯ ಹಾಸಿಗೆ, ತಲೆದೆಸೆಯ ಹೊಲಿಗೆ.
ಹಾಲಿ ವಿಳಾಸ: ತಿಳಿದಿಲ್ಲ. ಇಡೀ ಪತ್ರ ಅದಕ್ಕಾಗಿಯೇ.

ಮಾನ್ಯರೇ,

ತಾವು ಯಾವುದೋ ಬೆಚ್ಚನೆಯ ಮಡಿಕೆಯಲ್ಲಿ ಹೊಟ್ಟೆ ತುಂಬಿಸಿಕೊಂಡು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಹಾಗಿಲ್ಲದಿದ್ದರೆ ಇನ್ನಷ್ಟು ಸಂತೋಷ. ಖಾಸಗಿಯಾಗಿ ಮುಗಿಸಬಹುದಾಗಿದ್ದ ಮಾತನ್ನು ಹೀಗೆ ನಾಲ್ಕು ಜನರ ಮುಂದೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ವಿಳಾಸ ಗೊತ್ತಿಲ್ಲದವನಿಗೆ ಬಹಿರಂಗ ಪತ್ರವಲ್ಲದೆ ಬೇರೆ ದಾರಿಯಿಲ್ಲ, ಮತ್ತು ತಾವು ಮುದ್ರಿತ ಕಾಗದದ ನಡುವೆಯೂ ಓಡಾಡುವವರೆಂದು ಕೇಳಿದ್ದೇನೆ.

ನನ್ನ ಪರಿಚಯ ತಮಗೆ ಚರ್ಮದ ಮಟ್ಟಕ್ಕೆ ಇದ್ದೇ ಇದೆ. ಉಳಿದದ್ದನ್ನು ಹೇಳುತ್ತೇನೆ. ಮೂವತ್ತನಾಲ್ಕು ವರ್ಷ ಒಂದು ನಗರಾಡಳಿತ ಕಚೇರಿಯ ದಾಖಲೆ ಕೋಣೆಯಲ್ಲಿ ಕೆಲಸ ಮಾಡಿದವನು ನಾನು. ಚರಂಡಿ ಕಟ್ಟಿದೆ, ಬೀದಿದೀಪ ಉರಿಯುತ್ತಿಲ್ಲ, ಪಕ್ಕದವರು ಗೋಡೆಯನ್ನು ಒಂದು ಗೇಣು ಮುಂದಕ್ಕೆ ತಂದಿದ್ದಾರೆ ಎಂದು ಜನ ಕೊಟ್ಟ ದೂರುಗಳಿಗೆಲ್ಲ ಸಂಖ್ಯೆ ಹಾಕಿ, ತೂತು ಹೊಡೆದು, ಲಾಡಿ ಬಿಗಿದು, ಕಪಾಟಿನಲ್ಲಿ ಇಟ್ಟವನು. ನನ್ನ ಹೆಂಡತಿ ದರ್ಜಿ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಲವತ್ತು ವರ್ಷ ಊರವರ ತೋಳು, ಕಂಠ, ಸೊಂಟಗಳನ್ನು ಅಳೆದವಳು. ಬಂದರಿನ ಊರಿನಲ್ಲಿರುವ ಮಗಳು ಮೊದಲ ಸಲ ಹಡೆದಾಗ, ಮೊಮ್ಮಗಳಿಗೆಂದು ಹೆಂಡತಿ ಹಳೆಯ ಹತ್ತಿ ಬಟ್ಟೆಯ ಅರವತ್ತನಾಲ್ಕು ಚೌಕಗಳನ್ನು ಕತ್ತರಿಸಿ ಹೊದಿಕೆ ಹೊಲಿಯಲು ಕೂತಳು. ವಿಮಾನ ಅವಳಿಗೆ ಆಗದು, ಕಿವಿ ನೋಯುತ್ತದೆ. ಹತ್ತು ದಿನದ ಹಡಗಿನ ಪ್ರಯಾಣ ಮಗಳ ಊರಲ್ಲೇ ಮುಗಿಯುತ್ತದೆಂದು ನಾನೇ ಎಲ್ಲೋ ಓದಿ ತಂದೆ. ಓದುವ ಚಟ ಇರುವವರ ಮನೆಯವರು ಅನುಭವಿಸುವ ಕಷ್ಟಗಳಲ್ಲಿ ಇದೂ ಒಂದು.

ಎರಡನೆಯ ಬೆಳಿಗ್ಗೆ ನನ್ನ ಎಡಗೈಯಲ್ಲಿ ಕೆಂಪು ಗುಳ್ಳೆಗಳು ಮೂರು, ಒಂದೇ ಗೆರೆಯಲ್ಲಿ. ಮೂರನೆಯ ಬೆಳಿಗ್ಗೆ ಅದೇ ಗೆರೆ ಭುಜದವರೆಗೆ ವಿಸ್ತರಿಸಿತ್ತು. ಹಡಗಿನ ವೈದ್ಯರು ಕನ್ನಡಕದ ಮೇಲಿಂದ ನೋಡಿ, "ಕಡಲಗಾಳಿ ಕೆಲವರಿಗೆ ಆಗಲ್ಲ ಸಾರ್" ಎಂದರು. ಕಡಲಗಾಳಿಯು ಅಡಿಪಟ್ಟಿ ಇಟ್ಟುಕೊಂಡು ಬೀಸುವುದನ್ನು ನಾನು ಅರವತ್ತೆಂಟು ವರ್ಷಗಳಲ್ಲಿ ಎಲ್ಲಿಯೂ ಓದಿಲ್ಲ. ಕೋಣೆಯನ್ನು ಓರಣ ಮಾಡುವ ಹುಡುಗಿಯನ್ನು ಕೇಳಿದರೆ, ಅವಳು ಬಾಗಿಲು ಅರ್ಧ ಮುಚ್ಚಿ ದನಿ ತಗ್ಗಿಸಿ, "ಆ ಪದ ನಾವು ಹೇಳೋ ಹಾಗಿಲ್ಲ ಸಾರ್. 'ಚಿಕ್ಕ ಅತಿಥಿಗಳು' ಅಂತ ಬರೀರಿ" ಎಂದಳು. ತಮಗೆ ಅತಿಥಿ ಪಟ್ಟ ಸಿಕ್ಕಿದ ಮೇಲೆ ನಾನು ಏನಾಗಿದ್ದೇನೆಂದು ಯೋಚಿಸಿದೆ. ಊಟ ಎಂಬ ಉತ್ತರ ಹೊಳೆಯಿತು.

ತಮ್ಮ ಕುಲದ ಪರಿಚಯ ನನಗೆ ಇಂದು ನಿನ್ನೆಯದಲ್ಲ. ಹೈಸ್ಕೂಲಿಗೆ ಹೋಗುವಾಗ ಮಲಗುತ್ತಿದ್ದ ವಿದ್ಯಾರ್ಥಿನಿಲಯದ ಮಂಚದ ಕೀಲುಗಳಲ್ಲಿ ತಮ್ಮ ಹಿರಿಯರಿದ್ದರು. ಅಮ್ಮ ರಜೆಯಲ್ಲಿ ನಮ್ಮ ಮನೆಯ ಮಂಚವನ್ನು ಬಿಸಿಲಿಗೆ ಹಾಕಿ ಕುದಿಯುವ ನೀರು ಹುಯ್ದಾಗ ಮನೆ ಬಿಟ್ಟು ಹೊರಟವರ ಮೆರವಣಿಗೆಯನ್ನು ನಾನೇ ಎಣಿಸಿದ್ದೇನೆ. ಸಿನಿಮಾ ಮಂದಿರದ ಬೆತ್ತದ ಕುರ್ಚಿಯಲ್ಲಿ ದುಃಖದ ದೃಶ್ಯ ಬಂದಾಗಲೆಲ್ಲ ಇಡೀ ಸಾಲು ಒಟ್ಟಿಗೆ ಮಿಸುಕಾಡುತ್ತಿದ್ದುದು ಕತೆಯ ಪ್ರಭಾವವಲ್ಲವೆಂದು ನನಗೆ ಗೊತ್ತಿತ್ತು. ಅಂಥ ಮನೆತನದವರು ಈಗ ಬಿಳಿಯ ಹೊದಿಕೆ, ಆರು ದಿಂಬು, ಕಡಲಿನ ಪ್ರಯಾಣ ಎಂದು ಇಷ್ಟು ಮೇಲೆ ಬಂದಿರುವುದನ್ನು ನೋಡಿ ನಿಜಕ್ಕೂ ಹೆಮ್ಮೆಯಾಯಿತು. ಅಪ್ಪ ಮಂಚದ ಕೀಲಿನಲ್ಲಿ, ಮಗ ವಿಹಾರ ನೌಕೆಯಲ್ಲಿ. ಒಂದೇ ತಲೆಮಾರಿನಲ್ಲಿ ಇಂಥ ಏಳಿಗೆ ನಮ್ಮ ಕಡೆ ಯಾರಿಗೂ ಆಗಿಲ್ಲ.

ಆದರೂ ಕರ್ತವ್ಯ ಎಂಬುದೊಂದಿದೆ. ಐದನೆಯ ದಿನ ತಮ್ಮನ್ನೂ ತಮ್ಮ ಇಬ್ಬರು ಸಂಗಡಿಗರನ್ನೂ ಹಾಸಿಗೆಯ ಹೊಲಿಗೆಯಲ್ಲಿ ಪತ್ತೆಹಚ್ಚಿದೆ. ಸಾಕ್ಷ್ಯವನ್ನು ಮುಚ್ಚಳವಿರುವ ಪಾತ್ರೆಯಲ್ಲಿ ಇಡಬೇಕು; ಕೈಗೆ ಸಿಕ್ಕಿದ್ದು ಹೆಂಡತಿ ಗುಂಡಿಗಳನ್ನಿಡುವ ಹಸಿರು ತಗಡಿನ ಡಬ್ಬಿ. ಗುಂಡಿಗಳನ್ನು ಅಂಗಿಯ ಜೇಬಿಗೆ ಸುರಿದುಕೊಂಡು, ತಮ್ಮನ್ನು ಅದರೊಳಗೆ ಕೂರಿಸಿ, ನಾಲ್ಕು ಪುಟದ ದೂರನ್ನು ಎರಡು ಪ್ರತಿ ಬರೆದು, ಒಂದನ್ನು ಡಬ್ಬಿಯ ಸಮೇತ ವಿಚಾರಣಾ ಮೇಜಿನಲ್ಲಿ ಒಪ್ಪಿಸಿ ಸ್ವೀಕೃತಿ ಪಡೆದೆ. ಹೆಂಡತಿಗೆ ಹೇಳಲಿಲ್ಲ. ಹೊದಿಕೆ ಅದೇ ಕೋಣೆಯಲ್ಲಿತ್ತು, ಸುಮ್ಮನೆ ಗಾಬರಿಯಾಗುತ್ತಾಳೆ ಎಂದುಕೊಂಡೆ. ಈ ಇಡೀ ಅನಾಹುತದಲ್ಲಿ ತಮ್ಮದಲ್ಲದ ತಪ್ಪು ಇದೊಂದೇ, ಮತ್ತು ಇದು ನನ್ನದು ಎಂದು ನನಗೆ ಪ್ರತಿದಿನ ನೆನಪಿಸಲಾಗುತ್ತಿದೆ.

ಮಧ್ಯಾಹ್ನ ಅವಳು ಹೊದಿಕೆಯ ಕೊನೆಯ ಮೂಲೆಗೆ ಗುಂಡಿ ಹಚ್ಚಲು ಡಬ್ಬಿ ಹುಡುಕಿದಳು. ಎಲ್ಲೂ ಇಲ್ಲ. ನಾನು ಮೇಲಿನ ಅಂತಸ್ತಿನಲ್ಲಿ ಪುಸ್ತಕ ಓದುತ್ತಿದ್ದೆ. ಅವಳು ನೇರವಾಗಿ ಅದೇ ವಿಚಾರಣಾ ಮೇಜಿಗೆ ಹೋಗಿ, ಹಸಿರು ತಗಡಿನ ಡಬ್ಬಿ, ಮುಚ್ಚಳದ ಮೇಲೆ ಒಂದು ತಗ್ಗು, ಕಳೆದುಹೋಗಿದೆ ಎಂದು ಬರೆಸಿದಳು. ಆ ಹಡಗಿನಲ್ಲಿ ನನ್ನ ದೂರನ್ನು ಇವತ್ತಿನವರೆಗೆ ಯಾರೂ ಓದಿದಂತೆ ಕಾಣುವುದಿಲ್ಲ, ಆದರೆ ಕಳೆದುಹೋದ ವಸ್ತುಗಳ ವಿಭಾಗದಷ್ಟು ಚುರುಕಾದ ವಿಭಾಗವನ್ನು ನಾನು ಸೇವೆಯಲ್ಲಿದ್ದಾಗಲೂ ಕಂಡಿಲ್ಲ. ಒಂದೇ ಗಂಟೆಯಲ್ಲಿ ಡಬ್ಬಿ ನಮ್ಮ ದಿಂಬಿನ ಮೇಲಿತ್ತು. ನೀಲಿ ರಿಬ್ಬನ್ನು ಕಟ್ಟಿದ್ದರು. ಪಕ್ಕದಲ್ಲಿ ಎರಡು ಚಾಕಲೇಟು, ಒಂದು ಚೀಟಿ: "ತಮ್ಮ ಅಮೂಲ್ಯ ವಸ್ತು ತಮ್ಮ ಕೈಸೇರಿದ್ದು ನಮಗೆ ಆನಂದ ತಂದಿದೆ."

ನಾನು ಕೋಣೆಗೆ ಬಂದಾಗ ಅವಳು ಹೊದಿಕೆಯನ್ನು ಹಾಸಿಗೆಯ ಉದ್ದಗಲಕ್ಕೂ ಹರಡಿಕೊಂಡು ರಿಬ್ಬನ್ನು ಬಿಚ್ಚುತ್ತಿದ್ದಳು. ನಾನು "ತಡಿ" ಎನ್ನುವಷ್ಟರಲ್ಲಿ ಮುಚ್ಚಳ ತೆರೆದಿತ್ತು, ಮತ್ತು ತಾವು ಮೂವರೂ ಅರವತ್ತನಾಲ್ಕು ಚೌಕಗಳ, ಅಂದರೆ ಲೆಕ್ಕವಿಲ್ಲದಷ್ಟು ಹೊಲಿಗೆಗಳ ನಡುವೆ ಇಳಿದಿದ್ದಿರಿ. ತಮ್ಮ ಕುಲದವರು ಸ್ವರ್ಗದ ವರ್ಣನೆ ಬರೆದಿದ್ದರೆ ಅದು ಆ ಹೊದಿಕೆಯಂತೆಯೇ ಇರುತ್ತಿತ್ತು. ಹಳದಿ ಚೌಕದ ಮೇಲೆ ಓಡಿದವರನ್ನು ಹೆಂಡತಿ ಕತ್ತರಿಯ ಹಿಡಿಯಿಂದ ಅಲ್ಲೇ ಮುಗಿಸಿದಳು. ಅಂಚಿನ ಪಟ್ಟಿಯೊಳಗೆ ನುಸುಳಿದವರನ್ನು ಸೂಜಿಯಿಂದ ಎಳೆದಳು. ಮೂರನೆಯವರಾದ ತಾವು ಕಾಣಲಿಲ್ಲ. ಅಷ್ಟು ಹೊತ್ತು ನಾನೇನು ಮಾಡುತ್ತಿದ್ದೆ ಎಂದು ತಾವು ಕೇಳಬಹುದು, ಅವಳೂ ಕೇಳಿದಳು. ಗಾಬರಿಯಲ್ಲಿ ನನ್ನ ಕೈಯಿಂದ ಜಾರಿ ಹಾಸಿಗೆಯ ಆ ತುದಿಯಲ್ಲಿ ಬಿಡಿಹಾಳೆಗಳಾಗಿ ಹರಡಿದ್ದ ನನ್ನ ದೂರಿನ ಪ್ರತಿಯನ್ನು ಬಾಚಿಕೊಂಡು, ಕಡತಕ್ಕೆ ಸೇರಿಸಿ, ಲಾಡಿ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಭದ್ರ ಮಾಡುತ್ತಿದ್ದೆ. "ಮಗು ಹೊದಿಕೆಗೆ ಬೆಂಕಿ ಬಿದ್ದಂಗಾಗಿದೆ, ನೀವು ಮೊದಲು ಕಾಗದ ಎತ್ಕೊಂಡ್ರಲ್ಲ ರೀ" ಎಂದಳು. ಆಮೇಲೆ ಊಟದ ಹೊತ್ತಿನವರೆಗೆ ಚೌಕ ಚೌಕವಾಗಿ ಹೊಲಿಗೆಗಳನ್ನು ತಡವುತ್ತಾ ಕೂತಳು.

ಮಾರನೆಯ ದಿನ ಅವಳು ನನ್ನನ್ನು ಕೇಳದೆ ಹೊದಿಕೆಯನ್ನು ಚೀಲದಲ್ಲಿ ಕಟ್ಟಿಕೊಂಡು ಕೆಳಗಿನ ಅಂತಸ್ತಿನ ಬಟ್ಟೆ ಒಗೆಯುವ ವಿಭಾಗಕ್ಕೆ ಇಳಿದಳು. ಅಲ್ಲಿನ ಮುಖ್ಯಸ್ಥರು ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಹಳೆಯ ಸುಟ್ಟ ಗುರುತಿರುವ ದೊಡ್ಡ ಆಳು. ನಿಯಮದ ಪ್ರಕಾರ ಪ್ರಯಾಣಿಕರ ಅಂಥ ವಸ್ತುವನ್ನು ಮುಟ್ಟಬೇಕಾದರೆ ಕಚೇರಿಯ ಪತ್ರ ಬೇಕು, ಕಚೇರಿ ಪತ್ರ ಕೊಡಬೇಕಾದರೆ ಹಡಗಿನಲ್ಲಿ ತಾವಿದ್ದೀರೆಂದು ಒಪ್ಪಬೇಕು. ಆ ಮುಖ್ಯಸ್ಥರು ಹಾಸುಬಟ್ಟೆ ಮಡಿಸುವುದನ್ನು ಹೆಂಡತಿ ಸ್ವಲ್ಪ ಹೊತ್ತು ನೋಡಿ, "ಮೂಲೆ ಇಷ್ಟು ಚೆನ್ನಾಗಿ ಕೂರಿಸೋರನ್ನ ನೋಡಿ ಎಷ್ಟು ವರ್ಷ ಆಯ್ತು" ಎಂದಳಂತೆ. ಅವರು ಹೊದಿಕೆಯ ಹೊಲಿಗೆಯ ಮೇಲೆ ಬೆರಳಾಡಿಸಿ, "ಅಮ್ಮಾ, ಈ ಹಡಗಲ್ಲಿ ತಿಗಣೆ ಇಲ್ಲ. ಇಲ್ಲದೇ ಇರೋದನ್ನ ಸಾಯಿಸೋಕೆ ಒಂದು ಗಂಟೆ ಬೇಕು, ಕೊಡಿ ಇಲ್ಲಿ" ಎಂದರು. ಹೊದಿಕೆಯೂ ನಮ್ಮ ಬಟ್ಟೆಬರೆಯೂ ದೊಡ್ಡ ಡ್ರೈಯರಿನಲ್ಲಿ ಕೈ ಸುಡುವಷ್ಟು ಬಿಸಿಯಾಗಿ ಬಂದವು. ಕೆಂಪು ಚೌಕವೊಂದು ಬಣ್ಣ ಬಿಟ್ಟು ಅಕ್ಕಪಕ್ಕದ ಎರಡನ್ನು ಗುಲಾಬಿ ಮಾಡಿತ್ತು. ಡ್ರೈಯರಿನ ಬಲೆಯನ್ನು ಬಿಚ್ಚಿ ಅವರಿಬ್ಬರೂ ಹುಡುಕಿದರಂತೆ. ದಾರದ ಎಳೆ, ಒಂದು ಗುಂಡಿ, ಯಾರದೋ ಹಲ್ಲುಕಡ್ಡಿ. ತಾವಿಲ್ಲ.

ನಮ್ಮ ಮಗಳು ಆಸ್ಪತ್ರೆಯಲ್ಲಿ ದಾದಿ. ತಾಯಿ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಿದ್ದರಿಂದ, ನಾವು ಹಡಗಿಳಿದು ಅವಳ ಮನೆ ತಲುಪಿದಾಗ ಬಾಗಿಲಲ್ಲೇ ಕಪ್ಪು ಚೀಲಗಳನ್ನು ಹಿಡಿದು ನಿಂತಿದ್ದಳು. ಬಿಸಿಗೆ ಹಾಕಬಹುದಾದ್ದನ್ನೆಲ್ಲ ಮತ್ತೊಮ್ಮೆ ಬಿಸಿಗೆ ಹಾಕಿ, ನಮ್ಮಿಬ್ಬರನ್ನೂ ಬಾಲ್ಕನಿಯಲ್ಲಿ ಉಳಿಸಿದಳು. ಮೂರನೆಯ ದಿನ ಹೆಂಡತಿ ಒಳಗೆ ಹೋದಳು, ಮಗುವನ್ನು ಎತ್ತಿಕೊಂಡಳು. ಹೊದಿಕೆ ಒಂಬತ್ತನೆಯ ದಿನ ಒಳಗೆ ಹೋಯಿತು. ಕಾಗದವನ್ನು ಡ್ರೈಯರಿಗೆ ಹಾಕಲಾಗದು. "ಅಪ್ಪಾ, ಒಂದೋ ಆ ಕಡತ ಹೊರಗೆ ಹೋಗ್ಲಿ, ಇಲ್ಲಾ ನೀನು ಹೊರಗಿರು" ಎಂದಳು ಮಗಳು. ಕಡತವಿಲ್ಲದೆ ದೂರು ಸತ್ತಹಾಗೆ ಎಂದು ವಿವರಿಸಿದೆ. ಅವಳು ಗಾಜಿನ ಬಾಗಿಲು ಸರಿಸಿ ಚಿಲಕ ಹಾಕಿದಳು. ಇವತ್ತಿಗೆ ಹನ್ನೊಂದು ದಿನ. ನಾನು ಬಾಲ್ಕನಿಯ ಮಡಿಚುವ ಮಂಚದಲ್ಲಿ, ಕಡತ ನನ್ನ ದಿಂಬಿನ ಕೆಳಗೆ. ಹೆಂಡತಿ ದಿನಕ್ಕೆರಡು ಸಲ ಮಗುವನ್ನು ಗಾಜಿನ ಹತ್ತಿರ ತಂದು ಅದರ ಕೈ ಹಿಡಿದು ನನ್ನತ್ತ ಬೀಸುತ್ತಾಳೆ. ಅದು ನನ್ನ ಕಡೆ ನೋಡುವುದಿಲ್ಲ, ನನ್ನ ಹಿಂದೆ ಒಣಗುತ್ತಿರುವ ಬಟ್ಟೆಗಳನ್ನು ನೋಡುತ್ತದೆ. ನಿನ್ನೆ ಸೀನಿತು. ಆ ಸದ್ದು ಗಾಜಿನಿಂದ ಈಚೆ ಬರಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೋರಿಕೆಗಳು ಹೆಚ್ಚಿನವಲ್ಲ. ತಾವು ಹಡಗಿನಲ್ಲೇ ಉಳಿದಿದ್ದರೆ, ದಯವಿಟ್ಟು ನನ್ನ ಮಗಳಿಗೆ ಒಂದು ಸಾಲು ಬರೆದು ತಿಳಿಸಬೇಕು. ಸಹಿ ಇದ್ದರೆ ಒಳ್ಳೆಯದು, ಬೆರಳಿನ ಗುರುತೂ ನಡೆಯುತ್ತದೆ, ತಮಗೆ ಆರು ಕಾಲುಗಳಿರುವುದರಿಂದ ಯಾವುದಾದರೊಂದು ಸಾಕು. ಇದೇ ಮನೆಯಲ್ಲಿದ್ದರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಬಾಲ್ಕನಿಯ ಬಿಳಿ ಗೋಡೆಯ ಮೇಲೆ ಖುದ್ದಾಗಿ ಹಾಜರಾಗಬೇಕು. ಹೆಂಡತಿ ಕತ್ತರಿ ಹಿಡಿದಿರುವುದಿಲ್ಲವೆಂದು ನಾನು ಮಾತು ಕೊಡಲಾರೆ. ಹಡಗಿನ ಕಂಪನಿಗೂ ನಾನು ಬರೆದಿದ್ದೆ. ಮೃತವೋ ಜೀವಂತವೋ, ಸಾಕ್ಷ್ಯವನ್ನು ಮೂಲರೂಪದಲ್ಲಿ ಸಲ್ಲಿಸಿದರೆ ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿದೆ. ಒಮ್ಮೆ ಸಲ್ಲಿಸಿದ್ದೆ, ಅವರೇ ರಿಬ್ಬನ್ನು ಕಟ್ಟಿ ಹಿಂದಿರುಗಿಸಿದರು ಎಂದು ಮರುಉತ್ತರ ಬರೆಯುವವನಿದ್ದೇನೆ. ಅದಕ್ಕೆ ಸ್ವೀಕೃತಿಯ ಸಂಖ್ಯೆ ಬೇಕು, ಅದು ಕಡತದಲ್ಲಿದೆ. ಹಡಗು ಬಿಟ್ಟ ಮೇಲೆ ಮೊದಲ ಸಲ ಇವತ್ತು ಲಾಡಿ ಬಿಚ್ಚುತ್ತೇನೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ, ಒಂದು ಹಡಗಿನಲ್ಲಿ ಒಂದೇ ಹಾಸಿಗೆ ಹಂಚಿಕೊಂಡ ಋಣಕ್ಕೆ ಕಟ್ಟುಬಿದ್ದ,

ತಮ್ಮ ವಿಶ್ವಾಸಿ,
ಬಾಲ್ಕನಿಯಲ್ಲಿರುವ ಅಜ್ಜ

ಸಹಿ ಹಾಕಿದ ಮೇಲೆ ಬರೆದದ್ದು: ಈ ಪತ್ರಕ್ಕೆ ಇನ್ನು ತಮ್ಮ ಉತ್ತರ ಬೇಕಿಲ್ಲ. ಲಾಡಿ ಬಿಚ್ಚಿ ಪುಟ ತಿರುವಿದೆ. ಎರಡನೆಯ ಮತ್ತು ಮೂರನೆಯ ಪುಟಗಳ ನಡುವೆ ತಾವು ಚಪ್ಪಟೆಯಾಗಿ ವಿರಮಿಸುತ್ತಿದ್ದಿರಿ, "ಈ ಬಗ್ಗೆ ತುರ್ತು ಕ್ರಮ ಜರುಗಿಸಬೇಕಾಗಿ" ಎಂಬ ಸಾಲಿನ ಪಕ್ಕದಲ್ಲೇ. ಹೊದಿಕೆಗೆ ತಾವು ಹೋಗಿಯೇ ಇರಲಿಲ್ಲ. ಅಂದು ಬಾಚಿಕೊಂಡ ಹಾಳೆಗಳ ಜೊತೆ ನಾನೇ ತಮ್ಮನ್ನೂ ಬಾಚಿ ಲಾಡಿ ಬಿಗಿದಿದ್ದೆ. ನನ್ನ ಕಡತದೊಳಗೆ ಹೋದದ್ದು ಯಾವುದೂ ಜೀವಂತ ಹೊರಬರುವುದಿಲ್ಲವೆಂದು ಕಚೇರಿಯ ಮುಂದೆ ಸಾಲು ನಿಂತ ಜನ ಮೂವತ್ತನಾಲ್ಕು ವರ್ಷ ಆಡಿಕೊಂಡರು. ನಾನು ಅದನ್ನು ಅಪಪ್ರಚಾರವೆಂದು ತಿಳಿದಿದ್ದೆ. ಕಡತವನ್ನು ತಮ್ಮ ಸಮೇತ ಹಡಗಿನ ಕಂಪನಿಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ದೂರು ವಿಭಾಗಕ್ಕಲ್ಲ, ಕಳೆದುಹೋದ ವಸ್ತುಗಳ ವಿಭಾಗಕ್ಕೆ; ಅವರು ವಸ್ತುವನ್ನು ಅದರ ಒಡೆಯರಿಗೆ ಒಂದೇ ಗಂಟೆಯಲ್ಲಿ ತಲುಪಿಸುತ್ತಾರೆ. ಹೆಂಡತಿ ಆಗಲೇ ಅದನ್ನು ಲಕೋಟೆಗೆ ಹಾಕಿ ನಾಲ್ಕೂ ಕಡೆ ಹೊಲಿಗೆ ಹಾಕುತ್ತಿದ್ದಾಳೆ. ಮಗಳು ಗಾಜಿನ ಬಾಗಿಲು ಸರಿಸಿ, "ಮೊಣಕೈ ತನಕ ತೊಳ್ಕೊ ಅಪ್ಪಾ. ಕೂತ್ಕೊಂಡೇ ಎತ್ಕೊಬೇಕು" ಎನ್ನುತ್ತಿದ್ದಾಳೆ. ಪೆನ್ನು ಕೆಳಗಿಡುತ್ತೇನೆ, ಎರಡೂ ಕೈ ಬೇಕಂತೆ.