ಸಿಪಾಯಿಗೂ ತಿಳಿಯೋ ಹಂಗ

ಕಲಿತವರ ನಡುವೆ ಚಹಾದ ಟ್ರೇ ಹಿಡಿದು ನಿಂತರೆ ನಗುವಿಗೆ ಬರವಿಲ್ಲ. ನಾನು ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸಿಪಾಯಿ. ಓದಿದ್ದು ನಾಲ್ಕನೇ ಇಯತ್ತೆ. ಅಲ್ಲಿಯ ಪಿಎಚ್‌.ಡಿ. ಮಂದಿ ತಮ್ಮ ಸಂಶೋಧನೆಯನ್ನು ಜನರಿಗಾಗಿ ಸುಲಭ ಮರಾಠಿಯಲ್ಲಿ ಬರೆಯುತ್ತಾರೆ. ಶುಕ್ರವಾರ ಕೂಡಿ ಒಬ್ಬರದನ್ನೊಬ್ಬರು ತಿದ್ದುತ್ತಾರೆ. ತಿಳಿಯಿತೋ ಇಲ್ಲವೋ ಅಂತ ಕೇಳಲಿಕ್ಕೆ ‘ಜನ’ ಅಂತ ಕೂರಿಸಲು ಯಾರೂ ಸಿಗಲಿಲ್ಲ. ನನ್ನನ್ನು ಕೂರಿಸಿದರು. ಅವರ ಮರಾಠಿಯನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

೧. ಉಳ್ಳಾಗಡ್ಡಿ

ಉಳ್ಳಾಗಡ್ಡಿ ಯಾಕೆ ಕೊಳೆಯುತ್ತದೆ ಅಂತ ಒಬ್ಬ ಸಾಹೇಬರು ಬರೆದಿದ್ದರು. ಇನ್ನೊಬ್ಬರು, “ಜನರಿಗೆ ತಿಳಿಯೂದಿಲ್ಲ, ಬಿಡಿಸಿ ಬರೀರಿ” ಅಂದರು. ಮುಂದಿನ ವಾರ ಮೊದಲೆರಡು ಪುಟ, ಉಳ್ಳಾಗಡ್ಡಿ ಅಂದರೇನು ಎಂಬುದೇ. ದುಂಡಗಿರುತ್ತದೆ. ಸಿಪ್ಪೆ ಇರುತ್ತದೆ. ಹೆಚ್ಚಿದರೆ ಕಣ್ಣೀರು ಬರುತ್ತದೆ.

“ಈಗ ತಿಳೀತೇನು, ಕಾಕಾ?”

“ಉಳ್ಳಾಗಡ್ಡಿ ತಿಳೀತ್ರಿ. ಕೊಳಿಯೂದು ಯಾಕಂತ?”

“ಅದನ್ನ ತಗದೀನಿ. ಭಾಳ ಉದ್ದ ಆಗತಿತ್ತು.”

೨. ಕೆಂಪು ಪೆನ್ನು

ಒಬ್ಬ ಮೇಡಂ ತಮ್ಮ ಲೇಖನ ಕೊಟ್ಟು, “ಖರೇ ಹೇಳ್ರಿ, ಸಿಟ್ಟಾಗೂದಿಲ್ಲ” ಅಂದರು. ಪಕ್ಕದ ಸಾಹೇಬರು ಖರೇ ಹೇಳಿದರು. ಮೇಡಂ ನಕ್ಕರು. ಸಾಹೇಬರು ನಂಬಿದರು, ಪಾಪ.

ಮುಂದಿನ ಶುಕ್ರವಾರ ಸಾಹೇಬರ ಲೇಖನ ಮೇಡಂ ಕೈಗೆ ಹೋಯಿತು. ತಿರುಗಿ ಬಂದಾಗ ಹಾಳೆ ತುಂಬ ಕೆಂಪು. ಉಳಿದದ್ದು ಸಾಹೇಬರ ಹೆಸರೊಂದೇ. ಅದರ ಪಕ್ಕದಲ್ಲೂ ಬರೆದಿತ್ತು: “ಇದು ಬೇಕೇನು?”

೩. ಆರನೇ ಪುಟ

ಇದು ಹೃದಯದ ಲೇಖನ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದರೆ ಎದೆಯೇ ನೋಯಬೇಕೆಂದಿಲ್ಲವಂತೆ. ದವಡೆ ನೋಯಬಹುದು. ಹೊಟ್ಟೆ ಉಬ್ಬರಿಸಿದಂತೆ ಆಗಬಹುದು.

ಹೋದ ವರ್ಷ ನನ್ನಾಕೆಗೆ ಹಂಗೇ ಆಗಿತ್ತು. ಗ್ಯಾಸು ಅಂದುಕೊಂಡೆ. ಅಜವಾನ ಕೊಟ್ಟೆ, ಮಲಗು ಅಂದೆ. ಮತ್ತೆ ಏಳಲಿಲ್ಲ.

ಈ ಲೇಖನ ಅಚ್ಚಾಗಿ ಇಂದಾಪುರದ ಕಡೆ ಮನೆಮನೆಗೆ ಹೋಗುವುದಿತ್ತು. ‘ಹೀಗಾದರೆ ಕೂಡಲೇ ದವಾಖಾನೆಗೆ ಹೋಗಿರಿ’ ಎಂಬ ಮಾತು ಎಲ್ಲಿತ್ತು? ಆರನೇ ಪುಟದ ಕಟ್ಟಕಡೆಯ ಸಾಲಿನಲ್ಲಿ. ಅಂದು ಎಲ್ಲರೂ ಶೀರ್ಷಿಕೆಯ ಮೇಲೆ ಒಂದು ತಾಸು ಜಗಳಾಡಿದರು.

ನಾನು ಬಾಯಿ ಬಿಟ್ಟೆ. “ಸಾಹೇಬ್ರ, ಓದ್ಕೋತ ಆರನೇ ಪುಟಕ್ಕ ಬರೂದ್ರಾಗ ಆಕಿ ಹೋಗಿರ್ತಾಳ್ರಿ. ಆ ಮಾತು ಮ್ಯಾಲ ತರ್ರಿ.”

ಬರೆದವರು ಕನ್ನಡಕ ಒರೆಸಿಕೊಂಡರು. “ತೀರ್ಮಾನ ಮೊದಲಿಗೆ ಬರೂದಿಲ್ಲ, ಕಾಕಾ. ಕೊನಿಗೇ ಬರಬೇಕು. ಪದ್ಧತಿ ಅದ.”

“ಸಾಯೂದಕ್ಕ ಪದ್ಧತಿ ಇಲ್ಲರಿ.”

ಎರಡು ಶುಕ್ರವಾರ ಚರ್ಚೆ ನಡೆಯಿತು. ಕೊನೆಗೆ ದೊಡ್ಡ ಸಾಹೇಬರು ಮೇಜು ಗುದ್ದಿದರು: “ಕಾಕಾ ಹೇಳಿದ್ದು ಖರೇ. ತಿದ್ರಿ!”

ತಿದ್ದಿದ ಪ್ರತಿಯನ್ನು ಮೊದಲು ನನ್ನ ಕೈಗೇ ಕೊಟ್ಟರು. ಮೊದಲ ಸಾಲು ದಪ್ಪ ಅಕ್ಷರದಲ್ಲಿತ್ತು:

“ಅವಸರ ಇದ್ದವರು ಆರನೇ ಪುಟದ ಕೊನೆಯ ಸಾಲು ನೋಡಿರಿ.”