ಒರ್ತುಲೆಯ ಎರಡನೇ ವೋಟು

ನಮ್ಮ ದ್ವೀಪ ರೋಮಿನ ಆಳ್ವಿಕೆಯಿಂದ ಬೇರೆಯಾಗಬೇಕೆನ್ನುವ ಸಾರ್ಡಿನಿಯಾ ಸ್ವತಂತ್ರ ಪಕ್ಷಕ್ಕೆ ಕಳೆದ ಚುನಾವಣೆಯಲ್ಲಿ ನಮ್ಮ ಒರ್ತುಲೆಯಲ್ಲಿ ಬಿದ್ದದ್ದು ಒಂದೇ ವೋಟು. ಹಾಕಿದವನು ಯಾರೆಂಬುದು ಊರಿಗೆಲ್ಲ ಗೊತ್ತು. ಪಕ್ಷದ ಶಾಖಾಧ್ಯಕ್ಷ, ಕಾರ್ಯದರ್ಶಿ, ಭಿತ್ತಿಪತ್ರ ಅಂಟಿಸುವವ, ಎಲ್ಲವೂ ತಾನೇ ಆಗಿದ್ದ ಶಾಲಾ ಬಸ್ಸಿನ ಡ್ರೈವರ್ ಬೊಬೊರೆ ಮುರೆಡ್ಡು. ಅನುಮಾನ ಬೇಡವೆಂದು ಅವನ ಹೆಂಡತಿ ಗ್ರಾಸ್ಸಿಯಾ, "ನಾನಂತೂ ಹಾಕಿಲ್ಲಪ್ಪ" ಎಂದು ಚರ್ಚಿನ ಮೆಟ್ಟಿಲ ಮೇಲೆಯೇ ಸಾರಿದ್ದಳು.

ಈ ಸಲ ರಾಜಧಾನಿ ಕಾಲ್ಯರಿಯಿಂದ ಪಕ್ಷದವರು ಫೋನು ಮಾಡಿದ್ದರು: ಎರಡನೇ ವೋಟು ಬೀಳದಿದ್ದರೆ ಶಾಖೆ ಮುಚ್ಚಿ, ಬೋರ್ಡು ಇಳಿಸಿ. ಬೋರ್ಡಿಗೆ ಬಣ್ಣ ಬಳಿದವನು ಬೊಬೊರೆಯೇ. ಅದು ಬಾಗಿಲ ಮೇಲಿರುವಷ್ಟು ದಿನ ಅವನು ನಾಯಕ. ಇಳಿದರೆ ಬರೀ ಬಸ್ಸು.

ಮತದಾನದ ದಿನ ವೋಟು ಕೇಳುವಂತಿಲ್ಲ. ಆದರೆ ಮಲ್ಲೇನಳ ಬಾರಿನಲ್ಲಿ ಕೂರಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಬೊಬೊರೆ ಬೆಳಿಗ್ಗೆಯೇ ಹೋಗಿ ಕೂತ.

ಅಲ್ಲಿ ರೋಮಿನ ದೊಡ್ಡ ಪಕ್ಷದ ಅಭ್ಯರ್ಥಿ, ವಕೀಲ ಡೆಸ್ಸಿ, ಆಗಲೇ ಎಲ್ಲರಿಗೂ ವೈನ್ ಕೊಡಿಸುತ್ತಿದ್ದ. ಬೊಬೊರೆಯ ಕೈಗೂ ಒಂದು ಗ್ಲಾಸು ಬಂತು. ನಮ್ಮಲ್ಲಿ ಕೊಡಿಸಿದ್ದನ್ನು ಬೇಡವೆನ್ನುವಂತಿಲ್ಲ, ಕುಡಿದ ಮೇಲೆ ತಿರುಗಿ ಕೊಡಿಸದೆ ಏಳುವಂತಿಲ್ಲ. ಬೊಬೊರೆ ಕುಡಿದ, ತಿರುಗಿ ಕೊಡಿಸಲು ಹೋದ. ವಕೀಲ ಹೊಟ್ಟೆ ಹಿಡಿದುಕೊಂಡ.

"ಡಾಕ್ಟ್ರು ಒಂದು ತೊಟ್ಟೂ ಮುಟ್ಟಬೇಡ ಅಂದಿದಾರೆ ಕಣಯ್ಯಾ" ಎಂದು ಎಲ್ಲರಿಗೂ ಕೈ ಮುಗಿದು ಕಾರು ಹತ್ತಿಬಿಟ್ಟ.

ಬೊಬೊರೆಯ ಎದೆ ಹಪ್ಪಳದಂತೆ ಉಬ್ಬಿತು. ಇಡೀ ಊರಿನ ಗ್ಲಾಸು ತಳ್ಳಿ ಹೋದವನಿಗೆ ಇನ್ನು ಯಾರು ವೋಟು ಹಾಕುತ್ತಾರೆ? ತಾನು ಮಾತ್ರ ಯಾರದನ್ನೂ ತಳ್ಳಬಾರದು.

ತಳ್ಳಲಿಲ್ಲ. ಮುದುಕ ಅಂತಿಯೋಗು ಮಾವ ಕೊಡಿಸಿದ, ಇವನು ತಿರುಗಿ ಕೊಡಿಸಿದ. ಕುರಿ ಕಾಯುವ ಅಣ್ಣತಮ್ಮಂದಿರು ಕೊಡಿಸಿದರು, ಇವನೂ ಕೊಡಿಸಿದ. ಕಾನೂನು ಕಾಯಲು ಬಂದಿದ್ದ ಪೊಲೀಸನ ಹೆಗಲ ಮೇಲೆ ಕೈ ಹಾಕಿ, ಸ್ವತಂತ್ರ ಸಾರ್ಡಿನಿಯಾದಲ್ಲಿ ನಿನ್ನನ್ನೇ ದಂಡನಾಯಕ ಮಾಡುತ್ತೇನೆಂದ. ಪೊಲೀಸನೂ ಒಂದು ಕೊಡಿಸಿದ. ಮಧ್ಯಾಹ್ನದ ಹೊತ್ತಿಗೆ ಬೊಬೊರೆ ನೆಟ್ಟಗೆ ನಿಂತಿದ್ದ, ಬಾರು ಮಾತ್ರ ದೋಣಿಯಂತೆ ಓಲಾಡುತ್ತಿತ್ತು.

ಸಂಜೆ ವೋಟು ಹಾಕಲು ಹೊರಟವನು ಮತಗಟ್ಟೆಯಿದ್ದ ಶಾಲೆಯ ಬದಲು ಚರ್ಚಿಗೆ ನುಗ್ಗಿ, ಪರದೆ ಸರಿಸಿ ಪಾಪನಿವೇದನೆಯ ಗೂಡಿನಲ್ಲಿ ಕೂತು ಪೆನ್ಸಿಲ್ ಕೇಳಿದ.

"ಮತಪತ್ರ ಇಲ್ಲಿ ಸಿಗಲ್ಲ ಮಗಾ. ಪಾಪ ಇದ್ರೆ ಹೇಳು" ಎಂದರು ಒಳಗಿದ್ದ ಪಾದ್ರಿ.

"ಹೋದ ಸಲ ಒಂದೇ ವೋಟು ಬಿತ್ತು, ಸ್ವಾಮಿ."

"ಅದು ಪಾಪ ಅಲ್ಲ, ಪ್ರಾಯಶ್ಚಿತ್ತ" ಎಂದು ಪಾದ್ರಿ ಅವನ ತೋಳು ಹಿಡಿದು ಶಾಲೆಯ ಬಾಗಿಲವರೆಗೆ ಬಿಟ್ಟು ಬಂದರು.

ಎಣಿಕೆ ನೋಡಲು ಊರೆಲ್ಲ ಶಾಲೆಯಲ್ಲಿ ನೆರೆಯಿತು. ವಕೀಲ ಡೆಸ್ಸಿಗೆ ರಾಶಿ ರಾಶಿ ವೋಟು. ಸ್ವತಂತ್ರ ಪಕ್ಷಕ್ಕೆ ಸೊನ್ನೆ.

ಬೊಬೊರೆ ಬೆಂಚಿನ ಮೇಲೆ ಕುಸಿದ. "ಮಾವ, ಬೆಳಗಿಂದ ಕೂತು ಕುಡಿದಿದೀವಲ್ಲ. ನೀನೂ ಹಾಕ್ಲಿಲ್ವಾ?"

"ನಿಂಗ್ಯಾಕಪ್ಪ ಹಾಕ್ಲಿ?" ಅಂತಿಯೋಗುವಿಗೆ ನಿಜವಾಗಿಯೂ ಆಶ್ಚರ್ಯ. "ನಾನು ಕೊಡಿಸ್ದೆ, ನೀನು ಕೊಡಿಸ್ದೆ, ಅಲ್ಲಿಗೆ ಚುಕ್ತಾ. ಆ ವಕೀಲ ಕುಡಿಸಿ ಹಂಗೇ ಹೊರಟೋದ. ಅವನ ಋಣ ಇಟ್ಕೊಂಡು ರಾತ್ರಿ ನಿದ್ದೆ ಬರುತ್ತಾ? ಗ್ಲಾಸು ಮುಟ್ಟಲ್ಲ ಅಂದ, ವೋಟು ಕೊಟ್ಟು ತೀರಿಸ್ದೆ."

ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಗ್ರಾಸ್ಸಿಯಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು.

"ಅದೆಲ್ಲ ಇರ್ಲಿ. ಹೋದ ಸಲ ಒಂದು ಬಿದ್ದಿತ್ತಲ್ಲ. ಅದೆಲ್ಲಿ ಹೋಯ್ತು?"

ಬೊಬೊರೆ ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡ.

"ಬೆಳಿಗ್ಗೆ ಆ ವಕೀಲ ನಂಗೂ ಒಂದು ಗ್ಲಾಸು ಕೊಡ್ಸಿದ್ದ ಕಣೆ."

ಯಾರೂ ನಗಲಿಲ್ಲ. ಅಂತಿಯೋಗು ಮಾವ ಅವನ ಬೆನ್ನು ಸವರಿ, "ಮರ್ಯಾದಸ್ಥ ಇನ್ನೇನು ಮಾಡೋಕಾಗುತ್ತೆ ಹೇಳು. ಬಾ, ಒಂದು ಕೊಡಿಸ್ತೀನಿ" ಎಂದ.

ಗ್ರಾಸ್ಸಿಯಾ ಬೋರ್ಡು ಇಳಿಸಲು ಏಣಿ ಹುಡುಕಿಕೊಂಡು ಹೋದಳು.