ಡ್ರೆಡ್‌ನಾಟ್ ಪಟ್ಟ ಪಾಡು

ಮೇಷ್ಟ್ರಿಗೆ ಒಂದು ಪದ ಇಷ್ಟವಾಯಿತೆಂದರೆ ಊರಿನವರೆಲ್ಲ ಸೇರಿ ಅದನ್ನು ಕೆಡಿಸದೆ ಬಿಡುವುದಿಲ್ಲ. ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನನ್ನ ಇಷ್ಟದ ಪದ ‘ಡ್ರೆಡ್‌ನಾಟ್’. ಅದಕ್ಕಾದ ಅನ್ಯಾಯ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ತರಗತಿಯಲ್ಲಿ

‘ಡ್ರೆಡ್’ ಅಂದರೆ ಹೆದರು, ‘ನಾಟ್’ ಅಂದರೆ ಏನೂ ಇಲ್ಲ. ಯಾವುದಕ್ಕೂ ಅಂಜದ್ದು ಎಂದರ್ಥ. ಇಂಗ್ಲೆಂಡಿನವರು ಒಂದು ಭಾರಿ ಯುದ್ಧನೌಕೆಗೆ ಈ ಹೆಸರಿಟ್ಟರು. ಆಮೇಲೆ ಉಕ್ಕಿನ ಕವಚ ತೊಟ್ಟ ಆ ಜಾತಿಯ ಹಡಗಿಗೆಲ್ಲ ಅದೇ ಹೆಸರಾಯಿತು. ಇಷ್ಟನ್ನು ಗಂಟಲು ಹರಿಯುವಂತೆ ಹೇಳಿದೆ. ಕಂಪ್ಲಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ಯಾವುದಕ್ಕೂ ಅಂಜಂಗಿಲ್ಲ ಅಂದಮ್ಯಾಲೆ ಅಷ್ಟು ದಪ್ಪ ಉಕ್ಕು ಯಾಕ್ರಿ ಹೊಚ್ಚಿಕೊಂಡೈತಿ?”

ನಾನು ಹಾಜರಿ ಕರೆಯಲು ಶುರು ಮಾಡಿದೆ.

ಅಂಗಡಿಯಲ್ಲಿ

ವಾದ್ಯಗಳ ಅಂಗಡಿಯವನೊಬ್ಬ ದೊಡ್ಡ ಗಿಟಾರ್ ತೋರಿಸಿ, ಡ್ರೆಡ್‌ನಾಟ್ ಕಂಪನಿ ಮಾಲು ಎಂದ. ನನಗೆ ತಡೆಯಲಾಗಲಿಲ್ಲ. ಅದು ಕಂಪನಿಯಲ್ಲ, ದೊಡ್ಡ ಮೈಯ ಗಿಟಾರ್‌ಗೆ ಆ ಹಡಗಿನ ಹೆಸರನ್ನೇ ಇಟ್ಟಿದ್ದಾರೆ ಎಂದು ಬಿಡಿಸಿ ಹೇಳಿದೆ. ಅವನು ಕೈಕಟ್ಟಿ ಕೇಳಿದ. ನಾನು ಮೆಟ್ಟಿಲಿಳಿಯುವಷ್ಟರಲ್ಲಿ, ಹಂಪಿ ನೋಡಲು ಬಂದಿದ್ದ ಇಬ್ಬರಿಗೆ ಅದೇ ಗಿಟಾರ್ ತೋರಿಸುತ್ತಿದ್ದ.

“ಇದು ಯುದ್ಧಕ್ಕ ಹೋಗಿಬಂದ ಹಡಗಿನ ಕಟ್ಟಿಗಿಂದ ಮಾಡಿದ್ರಿ. ಬೇಕಾದ್ರ ಆ ಮೇಷ್ಟ್ರನ್ನ ಕೇಳ್ರಿ.”

ಲಾರಿಯ ಮೇಲೆ

ನನ್ನ ಹೆಂಡತಿಯ ತಮ್ಮ ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುತ್ತಾನೆ. ಸಂಡೂರಿನ ಇಳಿಜಾರಿನಲ್ಲಿ ಒಮ್ಮೆ ಬ್ರೇಕ್ ಹಿಡಿಯದೆ, ಲಾರಿಯನ್ನು ಮಣ್ಣಿನ ದಿಬ್ಬಕ್ಕೆ ನುಗ್ಗಿಸಿ ಬದುಕಿಕೊಂಡ. ಅಂದಿನಿಂದ ಇಳಿಜಾರು ಕಂಡರೆ ಹೆದರಿ ಲಾರಿ ನಿಲ್ಲಿಸಿಬಿಡುತ್ತಿದ್ದ. ಧೈರ್ಯ ಕೊಡುವ ಹೆಸರೊಂದನ್ನು ಲಾರಿಗೆ ಸೂಚಿಸಿ ಎಂದ. ಡ್ರೆಡ್‌ನಾಟ್ ಬಿಟ್ಟು ಇನ್ನೇನು ಸೂಚಿಸಲಿ? ದೊಡ್ಡ ಕನ್ನಡ ಅಕ್ಷರಗಳಲ್ಲಿ ನಾನೇ ಬರೆದುಕೊಟ್ಟೆ.

ಒಂದು ವಾರ ಬಿಟ್ಟು ಹೋಗಿ ನೋಡಿದರೆ, ಲಾರಿಯ ಹಣೆಯ ಮೇಲೆ ಕೆಂಪು ಬಣ್ಣದಲ್ಲಿ ‘ಬ್ರೆಡ್ ನಾಟ್’.

ನಾನು ಕೂಗಾಡಿದೆ. ಅವನಿಗೆ ಬೇಸರವೇ ಇಲ್ಲ. ಎದುರು ಬರುವ ಡ್ರೈವರ್‌ಗಳೆಲ್ಲ ಬ್ರೆಡ್ ಇಲ್ಲದಿದ್ದರೆ ಬನ್ ಕೊಡು ಎಂದು ಕೈಬೀಸುತ್ತಾರಂತೆ. ಅವರ ಜೊತೆ ನಗುನಗುತ್ತ ಇಳಿಜಾರು ಮುಗಿದದ್ದೇ ಗೊತ್ತಾಗುವುದಿಲ್ಲವಂತೆ. “ಹೆದರಿಕಿ ಹೋತು ಮಾವ, ಇನ್ನ ಅದನ್ನ ಅಳಿಸಬ್ಯಾಡ್ರಿ,” ಅಂದ.

ಅವನು ಬಿಟ್ಟರೂ ನಾನು ಬಿಡುವವನಲ್ಲ. ಹೆಸರು ಬರೆದ ಪೇಂಟರ್‌ನನ್ನು ಹುಡುಕಿಕೊಂಡು ಹೋಗಿ, ನೋಡಿಕೊಂಡು ಬರೆಯಲಿಕ್ಕೂ ಬರುವುದಿಲ್ಲವೇ ಎಂದು ದಬಾಯಿಸಿದೆ. ಅವನು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

“ಸರ್, ನೀವು ಅವಸರದಾಗ ತಪ್ಪು ಬರದಿದ್ರಿ. ನಾಕು ಮಂದಿ ಮುಂದ ಇಂಗ್ಲಿಷ್ ಮೇಷ್ಟ್ರ ಮರ್ಯಾದಿ ಹೋಗಬಾರ್ದು ಅಂತ ನಾನೇ ತಿದ್ದೀನಿ. ಯಾರಿಗೂ ಹೇಳಿಲ್ರಿ.”